‘ಇಟ್’ ಅಂದರೆ ಯಾವುದು?

ಮಕ್ಕಳೇ, ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವ ನಿಮಗೆ ಈ ಮಾತು. ಅಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಕಾಗುಣಿತವನ್ನು ಕಂಪ್ಯೂಟರೇ ತಿದ್ದಿಕೊಡುತ್ತದೆ. ನೀವು ಬರೆದ ‘ಹಿ’ ಯಾರು, ‘ಇಟ್’ ಯಾವುದು ಅನ್ನುವುದನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.

‘ಮಣಿ ಟೋಲ್ಡ್ ಕುಮಾರ್ ದಟ್ ಹಿಸ್ ಲೀವ್ ವಾಸ್ ಕ್ಯಾನ್ಸಲ್ಡ್.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾರ ರಜೆ ಹೋಯಿತು? ಮಣಿಯದೋ ಕುಮಾರನದೋ? ಇದನ್ನೇ ಮನೆಮಾತಿನಲ್ಲಿ ಹೇಳಿ ನೋಡಿ. ‘ತನ್ನ ರಜೆ ರದ್ದಾಯಿತೆಂದು ಮಣಿ ಕುಮಾರನಿಗೆ ಹೇಳಿದ’ ಅಂದರೆ ರಜೆ ಮಣಿಯದು. ‘ನಿನ್ನ ರಜೆ ರದ್ದಾಯಿತು ಅಂತ ಮಣಿ ಕುಮಾರನಿಗೆ ಹೇಳಿದ’ ಅಂದರೆ ಕುಮಾರನದು. ತಮಿಳಿನಲ್ಲಿ ‘ತನ್’, ತೆಲುಗಿನಲ್ಲಿ ‘ತನ’ ಇದೇ ಕೆಲಸ ಮಾಡುತ್ತವೆ. ಚಿನ್ನದ ಗಣಿಯ ಊರಾದ ನಮ್ಮ ಕೆಜಿಎಫ್‌ನ ಬೀದಿಯಲ್ಲಿ ಈ ಮೂರೂ ಭಾಷೆ ಆಡಿ ಬೆಳೆದವರು ನೀವು. ‘ತನ್ನ’ ಎಂಬ ಈ ಆಸರೆ ಇಂಗ್ಲಿಷಿನಲ್ಲಿ ಇಲ್ಲ. ಅಲ್ಲಿ ಒಂದೇ ‘ಹಿಸ್’ ಇಬ್ಬರಿಗೂ ಸಲ್ಲುತ್ತದೆ. ಮನಸ್ಸಿನಲ್ಲಿ ಕನ್ನಡದ ‘ತನ್ನ’ ಸ್ಪಷ್ಟವಾಗಿ ಇರುವುದರಿಂದ ಕಾಗದದ ಮೇಲೂ ಅದು ಇಳಿದಿದೆ ಅಂದುಕೊಳ್ಳುತ್ತೇವೆ. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ.

ಯಂತ್ರಗಳ ಜೊತೆ ಕೆಲಸ ಮಾಡುವವರು ಇನ್ನೂ ಎಚ್ಚರದಿಂದಿರಬೇಕು. ‘ರಿಮೂವ್ ದ ಫಿಲ್ಟರ್ ಫ್ರಮ್ ದ ಪಂಪ್ ಅಂಡ್ ಕ್ಲೀನ್ ಇಟ್’ ಎಂದು ಬರೆದಿಟ್ಟು ನೀವು ಮನೆಗೆ ಹೋದಿರಿ. ಮುಂದಿನ ಪಾಳಿಯವನು ಫಿಲ್ಟರ್ ತೊಳೆಯಬೇಕೋ, ಪಂಪನ್ನೋ? ‘ಪಂಪಿನ ಫಿಲ್ಟರ್ ಬಿಚ್ಚಿ ತೊಳಿ’ ಎಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಾಳಿಯಿಂದ ಪಾಳಿಗೆ ಮಾತು ದಾಟಿಸುವುದು ನಮ್ಮೂರಿಗೆ ಹೊಸದಲ್ಲ. ಇಲ್ಲಿನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಕ್ಕೂ ಮುಂಚೆ ನೂರಿಪ್ಪತ್ತು ವರ್ಷ ಈ ಊರು ನಡೆದದ್ದೇ ಪಾಳಿಯ ಮೇಲೆ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅಂಥ ಕಡೆ ಇಳಿಯುವವನಿಗೆ, ಮೇಲೆ ಬಂದವನ ಮಾತಿನಲ್ಲಿ ‘ಅದು ಸಡಿಲವಾಗಿದೆ’ ಅಂತಷ್ಟೇ ಇದ್ದರೆ ಸಾಕೇ? ಬಂಡೆಯೋ, ಮರದ ಆಸರೆಯೋ, ಏಣಿಯೋ ತಿಳಿಯಬೇಡವೇ?

ಪದ ಮರುಕಳಿಸಿದರೆ ಬರಹ ಕೆಡುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದಾರೆ. ಪ್ರಬಂಧಕ್ಕೆ ಅದು ಸರಿ. ವರದಿಗೆ, ಆದೇಶಕ್ಕೆ, ಲೆಕ್ಕಕ್ಕೆ ಸಲ್ಲದು. ಮನೆಯಲ್ಲಿರುವ ಹಳೆಯ ಕ್ರಯಪತ್ರ ತೆಗೆದು ಓದಿ. ‘ಸದರಿ ಸ್ವತ್ತು’, ‘ಸದರಿ ಸ್ವತ್ತು’ ಎಂದು ಸಾಲು ಸಾಲಿಗೂ ಬರುತ್ತದೆ. ಬರೆದವರಿಗೆ ‘ಅದು’ ಗೊತ್ತಿರಲಿಲ್ಲವೇ? ‘ಅದು’ ಅಂದರೆ ಮುಂದೊಂದು ದಿನ ಕೋರ್ಟು ಹತ್ತಬೇಕಾದೀತು ಎಂಬುದೂ ಗೊತ್ತಿತ್ತು. ಅದಕ್ಕೇ ಹಾಗೆ ಬರೆದರು. 

ಓದುವವರು ಸಂದರ್ಭ ನೋಡಿ ಊಹಿಸುತ್ತಾರೆ ಬಿಡಿ ಅನ್ನಬೇಡಿ. ಟೆರಿ ವಿನೊಗ್ರಾಡ್ ಎಂಬ ಕಂಪ್ಯೂಟರ್ ವಿಜ್ಞಾನಿ 1972ರಲ್ಲಿ ಒಂದು ಉದಾಹರಣೆ ಕೊಟ್ಟರು: ನಗರಸಭೆಯವರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು, ಏಕೆಂದರೆ ‘ದೇ’ ಹಿಂಸೆಗೆ ಹೆದರಿದ್ದರು. ಇಲ್ಲಿ ‘ದೇ’ ನಗರಸಭೆಯವರು. ‘ಹೆದರಿದ್ದರು’ ತೆಗೆದು ‘ಪ್ರಚೋದಿಸುತ್ತಿದ್ದರು’ ಅಂತ ಇಡಿ; ಅದೇ ‘ದೇ’ ಪ್ರತಿಭಟನಕಾರರಾಗುತ್ತದೆ. ಇದನ್ನು ಬಿಡಿಸಿದ್ದು ವ್ಯಾಕರಣವಲ್ಲ, ಲೋಕದ ತಿಳಿವಳಿಕೆ. ಯಂತ್ರಗಳು ಇಂಥ ವಾಕ್ಯಗಳ ಮುಂದೆ ದಶಕಗಳ ಕಾಲ ತಿಣುಕಿದವು. ನಿಮ್ಮ ಮೇಲ್ ಓದುವ ದೂರದ ಗಿರಾಕಿಗೆ ನಿಮ್ಮ ಆಫೀಸಿನ ಸಂಗತಿ ಎಷ್ಟು ಗೊತ್ತಿರುತ್ತದೆ, ಹೇಳಿ?

‘ದಿಸ್’ ಎಂದು ವಾಕ್ಯ ಶುರು ಮಾಡುವ ಚಟವನ್ನೂ ಬಿಡಿ. ಬಿಲ್ ಬಾಕಿ ಇದೆ, ಸಾಮಾನು ನಿಂತಿದೆ ಎಂದು ಬರೆದು, ‘ದಿಸ್ ಶುಡ್ ಬಿ ಕ್ಲಿಯರ್ಡ್ ಟುಡೇ’ ಅಂದರೆ ಬಿಲ್ಲೋ ಸಾಮಾನೋ? ‘ದಿಸ್ ಬಿಲ್’ ಅನ್ನಿ. ಒಂದು ಪದ ಹೆಚ್ಚು, ಅಷ್ಟೇ.

ಇವತ್ತು ಕಳಿಸುವ ಮೇಲ್‌ನಲ್ಲಿ ಪ್ರತಿ ‘ಹಿ’, ‘ಇಟ್’, ‘ದೇ’, ‘ದಿಸ್’ ಮೇಲೆ ಬೆರಳಿಟ್ಟು ಕೇಳಿಕೊಳ್ಳಿ: ಯಾರು? ಯಾವುದು? ಎರಡು ಉತ್ತರ ಬಂದ ಕಡೆ ಹೆಸರನ್ನೇ ಬರೆಯಿರಿ. ಕಳಿಸುವುದು ಆಮೇಲೆ.