ಇಂದ್ರಿಯಗಳು ಹಲವು, ಅರಿವು ಒಂದು



ಇಷ್ಟಲಿಂಗ ಪೂಜೆಯಲ್ಲಿ ಕಣ್ಣು ಲಿಂಗವನ್ನು ನೋಡುತ್ತದೆ, ಅಂಗೈ ಅದನ್ನು ಧರಿಸುತ್ತದೆ, ಮೂಗಿಗೆ ಪತ್ರೆ-ಪುಷ್ಪಗಳ ಗಂಧ, ಕಿವಿಗೆ ಮಂತ್ರ. ಬಾಗಿಲುಗಳು ಹಲವಾದರೂ ಅನುಭವ ಒಂದೇ. ಇದು ಹೇಗೆ?

ಮಿದುಳಿನ ಶಾಸ್ತ್ರಜ್ಞರ ಮುಂದೆಯೂ ಇದೇ ಪ್ರಶ್ನೆಯಿದೆ. ಮಿದುಳಿನಲ್ಲಿ ಬಣ್ಣವನ್ನು ಮುಖ್ಯವಾಗಿ ಒಂದು ಭಾಗ, ಚಲನೆಯನ್ನು ಇನ್ನೊಂದು ಭಾಗ ಗ್ರಹಿಸುತ್ತದೆ. ಶಬ್ದ, ಸ್ಪರ್ಶಗಳಿಗೆ ಬೇರೆ ಎಡೆಗಳಿವೆ. ಒಂದು ವಸ್ತುವಿನ ಬಿಡಿ ಗುಣಗಳನ್ನು ಹೆಣೆಯುವುದು ಅವಧಾನವೆಂದು ಆನ್ ಟ್ರೀಸ್‌ಮನ್ ಎಂಬ ಮನೋವಿಜ್ಞಾನಿ 1980ರಲ್ಲಿ ವಿವರಿಸಿದರು. ಅವಧಾನ ಬೇರೆಡೆ ಇದ್ದಾಗ ಬಣ್ಣದ ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿದರೆ, ಒಂದರ ಬಣ್ಣ ಇನ್ನೊಂದಕ್ಕೆ ಸೇರಿದಂತೆ ಕಂಡದ್ದುಂಟು. 1998ರಲ್ಲಿ ಬರ್ನ್‌ಹಾರ್ಡ್ ಹೊಮೆಲ್ ಅವರು, ಕಂಡ ವಸ್ತುವಿನ ಜೊತೆಗೆ ಆಗ ಕೈ ಮಾಡಿದ ಕ್ರಿಯೆಯೂ ಒಂದೇ ಗಂಟಾಗಿ ಬೀಳುತ್ತದೆಂದು ತೋರಿಸಿದರು. ಅದೇ ಗುರುತನ್ನು ಕಂಡು ಕೈ ಬೇರೆ ಕೆಲಸ ಮಾಡಬೇಕಾದರೆ ತುಸು ತಡವರಿಸುತ್ತದೆ.

ಇದಕ್ಕೆ ದೃಷ್ಟಾಂತ ನಮ್ಮ ಮಿರಜದಲ್ಲಿಯೇ ಇದೆ. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅವುಗಳ ಬುರುಡೆಗಳು ಬಸವಣ್ಣನವರು ಕಾಯಕಗೈದ ಮಂಗಳವೇಡೆಯ ಸೀಮೆಯಿಂದಲೂ ಬರುತ್ತವೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಕುಶಲಕರ್ಮಿಗಳು ನೂಲಿನ ಎಳೆಯೊಂದನ್ನು ಸರಿಸುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ನಾದ ತೆರೆದುಕೊಳ್ಳುತ್ತದೆ ಇಲ್ಲವೆ ಮುಚ್ಚಿಕೊಳ್ಳುತ್ತದೆ. ಬೆರಳು ಸರಿಸಿದ್ದು, ಕಿವಿ ಕೇಳಿದ್ದು ಅವರಿಗೆ ಎರಡಲ್ಲ. ವರ್ಷಗಟ್ಟಲೆ ಒಟ್ಟಿಗೆ ನಡೆದು ಅವು ಒಂದಾಗಿವೆ.

ಶರಣರು ಇದನ್ನು ಸಾಧನೆಯ ದಾರಿಯಿಂದ ಕಂಡರು. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಚೆಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಆರಾದರೂ ಅಂಗೈಯಲ್ಲಿರುವ ಲಿಂಗ ಒಂದೇ. ಶಾಸ್ತ್ರಜ್ಞರದು ಪ್ರಯೋಗದ ಮಾತು, ಶರಣರದು ಅನುಭಾವದ ಮಾತು. ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಕಾಗಿಲ್ಲ. ಆದರೆ ಮನಸ್ಸು ಚದುರಿದರೆ ಕೂಡಿದ್ದು ಬಿಡಿಯಾಗುತ್ತದೆಂಬ ಎಚ್ಚರಿಕೆ ಎರಡರಲ್ಲಿಯೂ ಇದೆ.

ಸಾಂಗಲಿ, ಮಿರಜ, ಜತ್ತ ಭಾಗದ ನಮ್ಮ ಅನೇಕ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಮರಾಠಿ ಕಲಿಯುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಕನ್ನಡ ಕಿವಿಗೆ ಮಾತ್ರ ಬೀಳುತ್ತದೆ. ಕಣ್ಣು ಅಕ್ಷರವನ್ನು ಕಾಣದು, ಕೈ ಬರೆಯದು. ವಚನ ಬಾಯಿಪಾಠವಾದರೂ ವಚನದ ಪುಸ್ತಕ ಮಗುವಿಗೆ ಮುಚ್ಚಿಯೇ ಉಳಿಯುತ್ತದೆ.

ಆದ್ದರಿಂದ ದಿನವೂ ಪೂಜೆಯ ನಂತರ ಮೊಬೈಲನ್ನು ಬದಿಗಿಟ್ಟು ಹತ್ತು ನಿಮಿಷ ಕುಳಿತುಕೊಳ್ಳಿರಿ. ತಾಯಿಯೋ ಅಜ್ಜನೋ ಒಂದು ವಚನ ಓದಲಿ. ಮಗು ಅಕ್ಷರದ ಮೇಲೆ ಬೆರಳಿಟ್ಟು ಅನ್ನಲಿ, ಬಳಿಕ ಒಂದು ಸಾಲನ್ನಾದರೂ ತನ್ನ ಕೈಯಿಂದ ಬರೆಯಲಿ. ಕಣ್ಣು, ಕಿವಿ, ಬಾಯಿ, ಕೈ ಕೂಡಿದಲ್ಲಿ ವಿದ್ಯೆ ನೆಲೆ ನಿಲ್ಲುತ್ತದೆ.