‘ಸ್ವಲ್ಪ ಅಡ್ಜಸ್ಟ್ ಮಾಡ್ಕೋತೀರಾ?’: ವಿಮಾನದಲ್ಲಿ ಸೀಟು ಬಿಡಿ ಎಂದಾಗ ನೆನಪಿರಬೇಕಾದ 11 ಸೂತ್ರಗಳು

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ನಾವು. ವಿಮಾನದಲ್ಲಿ ಟವೆಲ್ಲಿನ ಕೆಲಸವನ್ನು ದುಡ್ಡು ಮಾಡುತ್ತದೆ. ಕಿಟಕಿಗೆ ಒಂದು ದರ, ಮುಂದಿನ ಸಾಲಿಗೆ ಇನ್ನೊಂದು, ಕಾಲು ಚಾಚಲು ಜಾಗವಿರುವ ಸಾಲಿಗೆ ಮತ್ತೊಂದು. ಇಷ್ಟೆಲ್ಲ ಕೊಟ್ಟು ಬೆಲ್ಟ್ ಹಾಕಿಕೊಂಡ ಮೇಲೂ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋತೀರಾ?’ ಎನ್ನುವವರು ಬಂದೇ ಬರುತ್ತಾರೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಎದ್ದು, ದಾರಿಯುದ್ದಕ್ಕೂ ಗೊಣಗುವವರಿದ್ದಾರೆ. ಹಟ ಹಿಡಿದು ಜಗಳಕ್ಕೆ ನಿಂತು ವಿಮಾನದಿಂದಲೇ ಇಳಿಯಬೇಕಾಗಿ ಬಂದವರೂ ಇದ್ದಾರೆ. ಎರಡೂ ಬೇಡ ಎನ್ನುವವರಿಗಾಗಿ ಈ ಸೂತ್ರಗಳು.

1. ಕೇಳುತ್ತಿರುವವರು ಯಾರೆಂದು ಮೊದಲು ನೋಡಿ

ಸೀಟು ಬಿಡಿ ಎಂದು ಕೇಳುವವರು ಮೂರು ಬಗೆ. ಸಹಪ್ರಯಾಣಿಕರು ಕೇಳಿದರೆ ಅದು ಕೋರಿಕೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು. ಸುರಕ್ಷತೆಯ ಕಾರಣಕ್ಕೆ ಕ್ರ್ಯೂ ಹೇಳಿದರೆ ಅದು ಆದೇಶ, ಚರ್ಚೆಗೆ ಅವಕಾಶವಿಲ್ಲ. ಟಿಕೆಟ್ ಹೆಚ್ಚು ಮಾರಿಬಿಟ್ಟ ಏರ್‌ಲೈನ್ ಗೇಟಿನಲ್ಲಿ ನಿಂತು ಕೇಳಿದರೆ ಅದು ವ್ಯಾಪಾರ, ಅದಕ್ಕೆ ಬೆಲೆಯಿದೆ. ಮುಂದಿನ ಸೂತ್ರಗಳೆಲ್ಲ ಈ ಮೂರರ ವಿಸ್ತರಣೆ.

2. ಉತ್ತರಕ್ಕೆ ಮೊದಲು ‘ನಿಮ್ಮ ಸೀಟು ಯಾವುದು?’ ಎಂದು ಕೇಳಿ

ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನ. ನೀವು 12ಸಿಯಲ್ಲಿ ಕೂತಿದ್ದೀರಿ.

‘ಸರ್, ನಾವಿಬ್ಬರೂ ಒಟ್ಟಿಗೆ ಬಂದಿದೀವಿ. ನೀವು ನಮ್ಮೆಜಮಾನ್ರ ಸೀಟಿಗೆ ಹೋಗ್ತೀರಾ?’

‘ಅವರ ಸೀಟು ಯಾವುದು ಮೇಡಂ?’

‘ಇಪ್ಪತ್ತೆಂಟು ಇ.’

ಇಲ್ಲಿ ಒಂದು ಕ್ಷಣ ನಿಲ್ಲಿ. ನಮ್ಮ ಊರುಗಳ ನಡುವೆ ಹೆಚ್ಚಾಗಿ ಹಾರುವ ಏರ್‌ಬಸ್ ಎ320ಯಲ್ಲಿ ಸಾಲಿಗೆ ಆರು ಸೀಟು. ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ನಡುದಾರಿಯ ಪಕ್ಕ, ಬಿ ಮತ್ತು ಇ ಇಬ್ಬರ ನಡುವೆ. 12ಸಿ ಬಿಟ್ಟು 28ಇಗೆ ಹೋದರೆ ಎರಡೂವರೆ ಗಂಟೆ ಇಬ್ಬರ ಮೊಣಕೈ ನಡುವೆ ಕೂರಬೇಕು, ಇಳಿಯುವಾಗ ಹದಿನಾರು ಸಾಲು ಖಾಲಿಯಾಗುವವರೆಗೆ ಕಾಯಬೇಕು. ನಿಮ್ಮ ಬ್ಯಾಗು 12ನೇ ಸಾಲಿನ ಮೇಲೆಯೇ ಉಳಿದಿದ್ದರೆ ಇಳಿಯುವವರಿಗೆ ಅದನ್ನು ಕೈಗೆ ಕೊಡಿ ಎಂದು ಹಿಂದಿನಿಂದ ಕೂಗಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದ್ದಿರಬೇಕು.

ಕಿಟಕಿಗೆ ಕಿಟಕಿ, ನಡುದಾರಿಗೆ ನಡುದಾರಿ, ಆಸುಪಾಸಿನ ಸಾಲು: ಹೀಗಿದ್ದರೆ ನಗುತ್ತಾ ಎದ್ದುಬಿಡಿ. ನಿಮಗೆ ನಷ್ಟವಿಲ್ಲ, ಅವರಿಗೆ ದೊಡ್ಡ ಉಪಕಾರ.

3. ‘ಆಗಲ್ಲ’ ಎನ್ನಲು ಒಂದೇ ವಾಕ್ಯ ಸಾಕು

‘ಕ್ಷಮಿಸಿ, ಈ ಸೀಟು ಬೇಕೆಂದೇ ಬುಕ್ ಮಾಡಿದ್ದೇನೆ.’ ಇಷ್ಟು ಹೇಳಿ ಸುಮ್ಮನಾಗಿ. ಮಂಡಿ ನೋವು, ಪದೇಪದೇ ಶೌಚಾಲಯಕ್ಕೆ ಹೋಗಬೇಕಾದ ತೊಂದರೆ, ಮುಂದಿನ ವಿಮಾನ ಹಿಡಿಯುವ ಅವಸರ, ಇವನ್ನೆಲ್ಲ ಅಪರಿಚಿತರ ಮುಂದೆ ಬಿಚ್ಚಿಡುವ ಅಗತ್ಯವಿಲ್ಲ. ಕಾರಣ ಕೊಟ್ಟಷ್ಟೂ ಎದುರಿನವರು ಒಂದೊಂದಕ್ಕೂ ಪರಿಹಾರ ಹುಡುಕುತ್ತಾರೆ.

ಮತ್ತೆ ಮತ್ತೆ ಒತ್ತಾಯಿಸಿದರೆ ತಲೆಯ ಮೇಲಿನ ಕಾಲ್ ಬಟನ್ ಒತ್ತಿ, ವಿಷಯವನ್ನು ಕ್ರ್ಯೂ ಕೈಗೆ ಬಿಡಿ. ಯಾರಾದರೂ ಮೊಬೈಲ್ ಹಿಡಿದು ವಿಡಿಯೊ ಮಾಡತೊಡಗಿದರೆ ದನಿ ಏರಿಸಬೇಡಿ. 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ವಿಮಾನವೊಂದರಲ್ಲಿ ಅಳುತ್ತಿದ್ದ ಮಗುವಿಗೆ ಕಿಟಕಿ ಸೀಟು ಬಿಡದ ಯುವತಿಯೊಬ್ಬಳನ್ನು ಇನ್ನೊಬ್ಬರು ವಿಡಿಯೊ ಮಾಡಿ ಬೈದರು. ಆಕೆ ಮಾತಿಗೆ ಮಾತು ಬೆಳೆಸದೆ ಸುಮ್ಮನೆ ಕೂತಿದ್ದಳು. ವಿಡಿಯೊ ಜಗತ್ತೆಲ್ಲ ಸುತ್ತಿದಾಗ ಜನ ದೊಡ್ಡ ಸಂಖ್ಯೆಯಲ್ಲಿ ನಿಂತದ್ದು ಆಕೆಯ ಪರವಾಗಿ.

4. ಮಗುವನ್ನು ಪಕ್ಕದಲ್ಲಿ ಕೂರಿಸುವ ಹೊಣೆ ಏರ್‌ಲೈನ್‌ನದು

ಅತ್ತ ತಾಯಿ, ಇತ್ತ ಆರು ವರ್ಷದ ಮಗು, ನಡುವೆ ಹತ್ತು ಸಾಲು. ಇಂಥ ಸ್ಥಿತಿ ಬರಬಾರದೆಂದೇ 2024ರ ಏಪ್ರಿಲ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಏರ್‌ಲೈನ್‌ಗಳಿಗೆ ಸೂಚನೆ ಕೊಟ್ಟಿತು: 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕು.

‘ಅದೇ ಪಿಎನ್‌ಆರ್’ ಎಂಬುದನ್ನು ಪೋಷಕರು ಗಮನಿಸಬೇಕು. ಆಫರ್ ಸಿಕ್ಕಿತೆಂದು ಮಗುವಿನ ಟಿಕೆಟ್ ಒಂದು ಆ್ಯಪ್‌ನಲ್ಲಿ, ನಿಮ್ಮದು ಇನ್ನೊಂದರಲ್ಲಿ ಮಾಡಿಸಬೇಡಿ. ಸೀಟು ಬೇರೆಯಾಗಿದ್ದರೆ ಚೆಕ್-ಇನ್ ಕೌಂಟರ್‌ನಲ್ಲೇ ಸರಿಪಡಿಸಿಕೊಳ್ಳಿ. ಸೀಟು ಬಿಡಿ ಎನಿಸಿಕೊಂಡವರು ನೀವಾದರೆ ಆ ತಾಯಿಯ ಮೇಲೆ ಸಿಡುಕಬೇಡಿ; ಕ್ರ್ಯೂವನ್ನು ಕರೆದು, ‘ಇವರಿಗೆ ಒಟ್ಟಿಗೆ ಜಾಗ ಮಾಡಿಕೊಡಿ, ನನಗೂ ಇಂಥದ್ದೇ ಸೀಟು ಕೊಟ್ಟರೆ ಏಳುತ್ತೇನೆ’ ಎನ್ನಿ.

5. ಕೇಳುವವರು ನೀವಾದರೆ ಒಳ್ಳೆಯ ಸೀಟನ್ನೇ ಮುಂದಿಡಿ

ಬೇರೆಯವರ ಸೀಟಿನಲ್ಲಿ ಮೊದಲು ಕೂತು, ಅವರು ಬಂದ ಮೇಲೆ ‘ಪರವಾಗಿಲ್ವಾ?’ ಎನ್ನುವುದು ಕೋರಿಕೆಯಲ್ಲ, ಅತಿಕ್ರಮಣ. ನಿಂತು ಕೇಳಿ. ಅವರು ಬ್ಯಾಗು ಮೇಲಿಡುವ ಮೊದಲೇ ಕೇಳಿ. ನಿಮ್ಮ ಕುಟುಂಬದವರಲ್ಲಿ ಯಾರಿಗೆ ನಡುದಾರಿ ಅಥವಾ ಕಿಟಕಿ ಸಿಕ್ಕಿದೆಯೋ ಆ ಸೀಟನ್ನು ಅವರಿಗೆ ಕೊಟ್ಟು, ಇಬ್ಬರ ನಡುವಿನ ಸೀಟನ್ನು ನೀವೇ ತೆಗೆದುಕೊಳ್ಳಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನಿಗೆ ಈ ಕಷ್ಟ ಬಾರದಂತೆ ಮಕ್ಕಳೇ ನೋಡಿಕೊಳ್ಳಬೇಕು. ಇಬ್ಬರಿಗೂ ಒಂದೇ ಬುಕಿಂಗ್, ನಡುದಾರಿಯ ಪಕ್ಕದ ಸೀಟು, ವ್ಹೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಕೋರಿಕೆ. ಒಂಟಿಯಾಗಿ ಹೋಗುವ ಮಹಿಳೆಯರಿಗೆ ಒಂದು ಅನುಕೂಲವಿದೆ: ಯಾವ ಸೀಟುಗಳನ್ನು ಮಹಿಳೆಯರು ಈಗಾಗಲೇ ಕಾಯ್ದಿರಿಸಿದ್ದಾರೆ ಎಂಬುದನ್ನು ವೆಬ್ ಚೆಕ್-ಇನ್ ವೇಳೆ ಮಹಿಳೆಯರಿಗೆ ತೋರಿಸುವ ವ್ಯವಸ್ಥೆಯನ್ನು ಇಂಡಿಗೊ 2024ರಲ್ಲಿ ತಂದಿತು.

6. ‘ನೀವು ಹೆಂಗಸು, ಅದಕ್ಕೇ ಏಳಿ’ ಎಂದರೆ ಏಳಬೇಕಿಲ್ಲ

ಇಸ್ರೇಲಿನ ಎಲ್ ಆಲ್ ವಿಮಾನವೊಂದರಲ್ಲಿ, ಪರಸ್ತ್ರೀಯ ಪಕ್ಕ ಕೂರಲು ಒಪ್ಪದ ಸಂಪ್ರದಾಯಸ್ಥ ಯಹೂದಿಯೊಬ್ಬರಿಗಾಗಿ ವೃದ್ಧೆಯೊಬ್ಬರನ್ನು ಬೇರೆ ಸೀಟಿಗೆ ಕಳಿಸಲಾಯಿತು. ಆಕೆ ಕೋರ್ಟಿಗೆ ಹೋದರು. ಪ್ರಯಾಣಿಕರ ಲಿಂಗವನ್ನು ಕಾರಣವಾಗಿಟ್ಟುಕೊಂಡು ಸಿಬ್ಬಂದಿ ಸೀಟು ಬಿಡಲು ಕೇಳುವಂತಿಲ್ಲ ಎಂದು ಜೆರುಸಲೇಂ ನ್ಯಾಯಾಲಯ 2017ರಲ್ಲಿ ಹೇಳಿತು. ಪಕ್ಕದವರು ಬೇಡವೆನಿಸಿದರೆ ಜಾಗ ಬದಲಿಸಬೇಕಾದವರು ಬೇಡ ಎಂದವರೇ.

7. ಸುರಕ್ಷತೆಯ ಮಾತು ಬಂದರೆ ತಕ್ಷಣ ಏಳಿ

ತುರ್ತು ದ್ವಾರದ ಸಾಲಿನಲ್ಲಿ ಕೂತವರು ಅಗತ್ಯ ಬಿದ್ದರೆ ಬಾಗಿಲು ತೆರೆಯಲು ಶಕ್ತರಾಗಿರಬೇಕು, ಸಿಬ್ಬಂದಿಯ ಸೂಚನೆ ಅರ್ಥಮಾಡಿಕೊಳ್ಳಬೇಕು. ಮಕ್ಕಳು, ಗರ್ಭಿಣಿಯರು, ನೆರವಿಲ್ಲದೆ ನಡೆಯಲಾಗದವರಿಗೆ ಅಲ್ಲಿ ಜಾಗವಿಲ್ಲ. ಆ ಸೀಟಿಗೆ ಹೆಚ್ಚು ದುಡ್ಡು ಕೊಟ್ಟಿದ್ದೇನೆ ಎಂಬ ವಾದ ನಡೆಯದು. ಸಣ್ಣ ಊರುಗಳಿಗೆ ಹಾರುವ ಎಟಿಆರ್‌ನಂಥ ಚಿಕ್ಕ ವಿಮಾನಗಳಲ್ಲಿ ತೂಕ ಹಂಚಲು ಕೆಲವರನ್ನು ಹಿಂದಕ್ಕೋ ಮುಂದಕ್ಕೋ ಕಳಿಸುವುದುಂಟು. ಅದು ಪೈಲಟ್ ಲೆಕ್ಕ, ಮರುಮಾತಿಲ್ಲದೆ ಹೋಗಿ.

ಸೀಟಿನ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ದೇಶವೇ ನೋಡಿದ ಉದಾಹರಣೆಯಿದೆ. 2017ರ ಮಾರ್ಚ್‌ನಲ್ಲಿ ಪುಣೆಯಿಂದ ದೆಹಲಿಗೆ ಬಂದ ಏರ್ ಇಂಡಿಯಾ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇರಲೇ ಇಲ್ಲ. ತಮಗೆ ಆ ದರ್ಜೆ ಸಿಗಲಿಲ್ಲವೆಂದು ಸಿಟ್ಟಾದ ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್, ಸಿಬ್ಬಂದಿಯನ್ನು ಚಪ್ಪಲಿಯಿಂದ ಹೊಡೆದದ್ದಾಗಿ ತಾವೇ ಹೇಳಿಕೊಂಡರು. ಏರ್‌ಲೈನ್‌ಗಳು ಅವರನ್ನು ಹತ್ತಿಸಿಕೊಳ್ಳಲಿಲ್ಲ. ಸಂಸದರು ರೈಲು ಹಿಡಿಯಬೇಕಾಯಿತು. ಅದೇ ವರ್ಷ ‘ನೋ ಫ್ಲೈ’ ನಿಯಮ ಬಂತು. ಮಾತಿನ ದುಂಡಾವರ್ತನೆಗೆ 3 ತಿಂಗಳವರೆಗೆ, ಕೈಮಾಡಿದರೆ 6 ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ಹಾರಾಟ ಬಂದ್.

8. ಗೇಟಿನಲ್ಲಿ ‘ಯಾರಾದರೂ ಸ್ವಇಚ್ಛೆಯಿಂದ ಉಳಿಯುತ್ತೀರಾ?’ ಎಂದರೆ ಚೌಕಾಸಿ ಮಾಡಿ

ಟಿಕೆಟ್ ತೆಗೆದುಕೊಂಡವರಲ್ಲಿ ಕೆಲವರು ಬರುವುದಿಲ್ಲ. ಆ ಲೆಕ್ಕದ ಮೇಲೆ ಏರ್‌ಲೈನ್‌ಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತವೆ. ಎಲ್ಲರೂ ಬಂದುಬಿಟ್ಟ ದಿನ ಲೆಕ್ಕ ತಪ್ಪುತ್ತದೆ. ಸಿಕ್ಕವರನ್ನು ಹಿಂದಕ್ಕೆ ಕಳಿಸುವ ಬದಲು, ಎಷ್ಟು ಕೊಟ್ಟರೆ ಉಳಿಯುತ್ತೀರಿ ಎಂದು ಪ್ರಯಾಣಿಕರನ್ನೇ ಕೇಳಬಹುದಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲೇ ಬರೆದರು. ಏರ್‌ಲೈನ್‌ಗಳು ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದ ಕೊನೆಗೆ ಅದೇ ಅಲ್ಲಿ ನಿಯಮವಾಯಿತು. ನಮ್ಮ ಡಿಜಿಸಿಎ ನಿಯಮವೂ ಮೊದಲು ಸ್ವಇಚ್ಛೆಯವರನ್ನು ಕೇಳಬೇಕು ಎನ್ನುತ್ತದೆ.

ಅವಸರವಿಲ್ಲದವರಿಗೆ ಇದು ಒಳ್ಳೆಯ ಅವಕಾಶ. ಆದರೆ ಮೊದಲ ಮೊತ್ತಕ್ಕೇ ತಲೆಯಾಡಿಸಬೇಡಿ. ನಾಲ್ಕು ಪ್ರಶ್ನೆ ಕೇಳಿ: ದುಡ್ಡೋ ವೋಚರೋ? ವೋಚರ್ ಆದರೆ ಎಷ್ಟು ದಿನ ನಡೆಯುತ್ತದೆ? ಮುಂದಿನ ವಿಮಾನದಲ್ಲಿ ಸೀಟು ಖಚಿತವೋ ಕಾಯುವ ಪಟ್ಟಿಯೋ? ಊಟ, ರಾತ್ರಿಯಾದರೆ ಹೋಟೆಲು ಯಾರ ಖರ್ಚು? ಒಪ್ಪಿದ್ದನ್ನೆಲ್ಲ ಬರಹದಲ್ಲಿ ಪಡೆಯಿರಿ.

2017ರ ಏಪ್ರಿಲ್ 9ರಂದು ಷಿಕಾಗೊದ ಓಹೇರ್‌ನಲ್ಲಿ ಯುನೈಟೆಡ್ ಸಂಸ್ಥೆಗೆ ತನ್ನ ನಾಲ್ವರು ಸಿಬ್ಬಂದಿಗೆ ಸೀಟು ಬೇಕಾಗಿತ್ತು. 800 ಡಾಲರ್‌ವರೆಗಿನ ವೋಚರ್‌ಗೂ ಸಾಕಷ್ಟು ಜನ ಏಳಲಿಲ್ಲ. ಏಳಲು ಒಪ್ಪದ ವೃದ್ಧ ವೈದ್ಯರೊಬ್ಬರನ್ನು ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ನಡುದಾರಿಯಲ್ಲಿ ಎಳೆದೊಯ್ದರು. ಆ ವಿಡಿಯೊ ಹೊರಬಿದ್ದ ಮೇಲೆ ಯುನೈಟೆಡ್ ತನ್ನ ಮಿತಿಯನ್ನು 10,000 ಡಾಲರ್‌ಗೆ ಏರಿಸಿತು. ಮರುವರ್ಷ, ಹತ್ತಿಸಿಕೊಂಡ ಪ್ರಯಾಣಿಕರನ್ನು ಸೀಟು ಸಾಲದೆಂದು ಬಲವಂತವಾಗಿ ಇಳಿಸುವಂತಿಲ್ಲ ಎಂದು ಅಲ್ಲಿ ಕಾನೂನೇ ಬಂತು.

9. ಬಲವಂತವಾಗಿ ಬಿಟ್ಟುಹೋದರೆ ಲೆಕ್ಕ ಹೀಗಿದೆ

ಖಚಿತ ಟಿಕೆಟ್ ಇದ್ದು, ಸಮಯಕ್ಕೆ ಸರಿಯಾಗಿ ಹಾಜರಾಗಿಯೂ ನಿಮ್ಮನ್ನು ಹತ್ತಿಸಿಕೊಳ್ಳದಿದ್ದರೆ ಭಾರತದ ನಿಯಮ ಇದು:

• ಮೂಲ ವಿಮಾನದ ಸಮಯದಿಂದ 1 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಪರಿಹಾರವಿಲ್ಲ.
• 24 ಗಂಟೆಯೊಳಗಿನ ವಿಮಾನ ಕೊಟ್ಟರೆ, ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಶೇ 200. ಗರಿಷ್ಠ 10,000 ರೂಪಾಯಿ.
• 24 ಗಂಟೆ ದಾಟಿದರೆ ಶೇ 400. ಗರಿಷ್ಠ 20,000 ರೂಪಾಯಿ.
• ಬೇರೆ ವಿಮಾನವೇ ಬೇಡವೆಂದರೆ ಟಿಕೆಟ್‌ನ ಪೂರ್ತಿ ಹಣ, ಜತೆಗೆ ಶೇ 400. ಗರಿಷ್ಠ 20,000 ರೂಪಾಯಿ.

ಮೂಲ ದರ, ಇಂಧನ ಶುಲ್ಕ ಸೇರಿ 4,000 ರೂಪಾಯಿ ಇತ್ತೆನ್ನಿ. ಸಂಜೆಯ ವಿಮಾನ ಕೊಟ್ಟರೆ 8,000 ನಿಮ್ಮದು; ಎರಡು ದಿನ ಬಿಟ್ಟು ಕಳಿಸಿದರೆ 16,000.

ಫ್ರಾಂಕ್‌ಫರ್ಟ್, ಪ್ಯಾರಿಸ್‌ನಂಥ ಐರೋಪ್ಯ ಒಕ್ಕೂಟದ ನಿಲ್ದಾಣದಿಂದ ಹೊರಡುವಾಗ ಹೀಗಾದರೆ, ಏರ್‌ಲೈನ್ ಯಾವ ದೇಶದ್ದಾದರೂ ಅಲ್ಲಿನ ನಿಯಮ ಅನ್ವಯಿಸುತ್ತದೆ. ದೂರಕ್ಕೆ ತಕ್ಕಂತೆ ಪರಿಹಾರ 600 ಯೂರೋವರೆಗೆ ಇದೆ.

10. ಕೆಳದರ್ಜೆಗೆ ತಳ್ಳಿದರೆ, ಕೊಂಡ ಸೀಟು ತಪ್ಪಿದರೆ ಹಣ ವಾಪಸ್ ಕೇಳಿ

ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡವರನ್ನು ಎಕಾನಮಿಯಲ್ಲಿ ಕೂರಿಸಿದರೆ ‘ಸಾರಿ’ ಸಾಲದು. 2023ರ ಫೆಬ್ರುವರಿಯಲ್ಲಿ ಜಾರಿಯಾದ ತಿದ್ದುಪಡಿಯಂತೆ ದೇಶದೊಳಗಿನ ವಿಮಾನವಾದರೆ ತೆರಿಗೆಯೂ ಸೇರಿದ ಟಿಕೆಟ್ ಬೆಲೆಯ ಶೇ 75 ವಾಪಸ್ ಬರಬೇಕು. ಹೊರದೇಶಕ್ಕಾದರೆ 1,500 ಕಿ.ಮೀ.ವರೆಗೆ ಶೇ 30, 3,500 ಕಿ.ಮೀ.ವರೆಗೆ ಶೇ 50, ಅದಕ್ಕೂ ಮೇಲೆ ಶೇ 75.

ವಿಮಾನ ಬದಲಾಗಿ ನೀವು ದುಡ್ಡು ಕೊಟ್ಟು ಹಿಡಿದ ಸೀಟೇ ಇಲ್ಲವಾದರೆ ಆ ಸೀಟಿನ ಶುಲ್ಕ ವಾಪಸ್ ಕೇಳಿ. ಆದರೆ ಸಹಪ್ರಯಾಣಿಕರಿಗಾಗಿ ನೀವೇ ಎದ್ದುಕೊಟ್ಟಿದ್ದರೆ ಏರ್‌ಲೈನ್‌ನಿಂದ ಬಿಡಿಗಾಸೂ ಬಾರದು. ಏಳುವ ಮೊದಲು ಇದು ನೆನಪಿರಲಿ.

11. ಬೋರ್ಡಿಂಗ್ ಪಾಸ್ ಎಸೆಯಬೇಡಿ

ಬೋರ್ಡಿಂಗ್ ಪಾಸ್, ಸೀಟು ಶುಲ್ಕದ ರಸೀದಿ, ಸಿಬ್ಬಂದಿ ಕೊಟ್ಟ ಚೀಟಿ, ಎಲ್ಲದರ ಫೋಟೊ ತೆಗೆದಿಡಿ. ಹತ್ತಿಸಿಕೊಳ್ಳದಿದ್ದರೆ ಕಾರಣವನ್ನು ಬರೆದುಕೊಡುವಂತೆ ಅಲ್ಲೇ ಕೇಳಿ. ಮೊದಲ ದೂರು ಏರ್‌ಲೈನ್‌ಗೆ. ಅಲ್ಲಿ ಕೆಲಸವಾಗದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಏರ್‌ಲೈನ್‌ನ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ದಾವಣಗೆರೆಯಿಂದ ಕದಲಬೇಕಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ.

ಸೀಟು ಬಿಟ್ಟುಕೊಡುವುದು ಒಳ್ಳೆಯತನ, ಬಿಡದಿರುವುದು ಹಕ್ಕು. ಏರ್‌ಲೈನ್ ತನ್ನ ಲೆಕ್ಕ ತಪ್ಪಿ ಬಿಡಿಸಿದರೆ ಅದಕ್ಕೆ ತಕ್ಕ ಬೆಲೆ ಕೇಳುವುದೂ ಹಕ್ಕೇ. ಒಂಬತ್ತನೇ ಸೂತ್ರದ ದರಪಟ್ಟಿಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಮೊದಲ ಸಲ ವಿಮಾನ ಹತ್ತುವ ಮನೆಯ ಹಿರಿಯರಿಗೂ ಒಮ್ಮೆ ಓದಿ ಹೇಳಿ.