ಆಡಳಿತದ ಮೂರು ಅಂಗಗಳು: ಸಿದ್ದಿ ಜನರ ದೃಷ್ಟಾಂತದಿಂದ ಒಂದು ಪಾಠ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ಸೀಮೆಗಳ ಹಳ್ಳಿಗಳಲ್ಲಿ ನಾವು 'ಸರಕಾರ' ಎಂಬ ಒಂದೇ ಶಬ್ದದಿಂದ ಎಲ್ಲರನ್ನೂ ಕರೆಯುವದುಂಟು. ಫಾರೆಸ್ಟ್ ಗಾರ್ಡನೂ ಸರಕಾರ, ತಹಶೀಲ್ದಾರರೂ ಸರಕಾರ, ಶಾಸಕರೂ ಸರಕಾರ, ನ್ಯಾಯಾಧೀಶರೂ ಸರಕಾರ. ಹೀಗೆ ತಿಳುಕೊಂಡವನು ಒಬ್ಬರಿಂದ ಆಗತಕ್ಕ ಕೆಲಸವನ್ನು ಮತ್ತೊಬ್ಬರ ಬಾಗಲಲ್ಲಿ ಕೇಳಿ, ಬರಿಗೈಯಿಂದ ತಿರುಗಿ ಬಂದು, ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಕೂತುಬಿಡುತ್ತಾನೆ. ಆದದರಿಂದ ಈ ಪಾಠವನ್ನು ಮಕ್ಕಳೂ ದೊಡ್ಡವರೂ ಕಲಿಯುವದು ಅವಶ್ಯವಾಗಿದೆ.

ಅಂಗಗಳು ಮೂರು. ಕಾನೂನು ಮಾಡುವದು ಶಾಸಕಾಂಗ. ಅದನ್ನು ನಡಿಸುವದು ಕಾರ್ಯಾಂಗ. ವ್ಯಾಜ್ಯ ಬಂದಾಗ ಕಾನೂನಿನ ಅರ್ಥವನ್ನು ಹೇಳಿ ತೀರ್ಪು ಕೊಡುವದು ನ್ಯಾಯಾಂಗ. ದಿಲ್ಲಿಯ ಸಂಸತ್ತೂ ಬೆಂಗಳೂರಿನ ವಿಧಾನಸಭೆ, ವಿಧಾನಪರಿಷತ್ತುಗಳೂ ಮೊದಲನೆಯದಕ್ಕೆ ಸೇರಿದವು. ಮಂತ್ರಿಗಳು, ಕಾರವಾರದ ಜಿಲ್ಲಾಧಿಕಾರಿ, ತಾಲೂಕಿನ ತಹಶೀಲ್ದಾರ, ಅರಣ್ಯ ಇಲಾಖೆಯವರು ಎರಡನೆಯದಕ್ಕೆ ಸೇರಿದವರು. ತಾಲೂಕಿನ ನ್ಯಾಯಾಲಯ, 2008ರಲ್ಲಿ ಧಾರವಾಡದಲ್ಲಿ ತೆರೆಯಲ್ಪಟ್ಟ ಉಚ್ಚ ನ್ಯಾಯಾಲಯದ ಪೀಠ, ದಿಲ್ಲಿಯ ಸರ್ವೋಚ್ಚ ನ್ಯಾಯಾಲಯ, ಇವು ಮೂರನೆಯದಕ್ಕೆ ಸೇರಿದವು. ಉಪಾಧ್ಯಾಯರು ಹಲಗೆಯ ಮೇಲೆ ಮೂರು ಮನೆಗಳನ್ನು ಬರೆದು, ಈ ಹೆಸರುಗಳನ್ನು ಮಕ್ಕಳಿಂದಲೇ ತುಂಬಿಸಲಿ.

ಈಗ ನಮ್ಮ ನೆರೆಯ ದೃಷ್ಟಾಂತವನ್ನು ನೋಡೋಣ. ನಮ್ಮ ಕಾಡುಗಳ ಅಂಚಿನಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಜರು ಆಫ್ರಿಕ ಖಂಡದವರು. ಇವರೊಳಗೆ ಕ್ರೈಸ್ತರೂ ಮುಸಲ್ಮಾನರೂ ಹಿಂದುಗಳೂ ಇದ್ದಾರೆ. ತಮ್ಮನ್ನು ಪರಿಶಿಷ್ಟ ಪಂಗಡವೆಂದು ಎಣಿಸಬೇಕೆಂದು ಇವರು ಬಹುಕಾಲ ಬೇಡಿದರು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿರುವಾಗ ತಹಶೀಲ್ದಾರರು ಪ್ರಮಾಣಪತ್ರವನ್ನು ಹ್ಯಾಗೆ ಕೊಟ್ಟಾರು? ಪಟ್ಟಿಯು ಅವರದಲ್ಲ. ಸಂವಿಧಾನದ 342ನೇ ಅನುಚ್ಛೇದದ ಪ್ರಕಾರ ಆ ಪಟ್ಟಿಯನ್ನು ಪ್ರಕಟಿಸುವವರು ರಾಷ್ಟ್ರಪತಿಗಳು. ಆ ಮೇಲೆ ಅದರಲ್ಲಿ ಹೆಸರು ಸೇರಿಸುವದಕ್ಕೂ ತೆಗೆಯುವದಕ್ಕೂ ಸಂಸತ್ತಿಗೆ ಮಾತ್ರ ಅಧಿಕಾರವುಂಟು. ಸಂಸತ್ತಿನ ಕಾನೂನಿನಿಂದ 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳ ಹೆಸರು ಪಟ್ಟಿಗೆ ಸೇರಿತು. ಆ ಮಾತು ಈ ಜಿಲ್ಲೆಯವರಿಗೆ ಮಾತ್ರ ಹೇಳಲ್ಪಟ್ಟದ್ದರಿಂದ, ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರ ಜನರು 2020ರ ವರೆಗೆ ಕಾಯಬೇಕಾಯಿತು. ಗೋವೆಯ ಕುಣಬಿಗಳಿಗೆ 2003ರಲ್ಲಿಯೇ ದೊರೆತ ಸ್ಥಾನವನ್ನು ಜೋಯಿಡಾದ ಕುಣಬಿಗಳು ಬಹು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಕಾನೂನಿನ ಒಂದು ಶಬ್ದಕ್ಕೆ ಎಷ್ಟು ಬಲವಿದೆಯೆಂದು ಇದರಿಂದ ತಿಳಿಯುವದು.

ಇಲ್ಲಿ ಒಂದು ಸಂಶಯವನ್ನು ಪರಿಹರಿಸಬೇಕು. ಕ್ರೈಸ್ತನಾದವನಿಗೆ ಈ ಸ್ಥಾನವು ತಪ್ಪುವದೋ? ಪರಿಶಿಷ್ಟ ಜಾತಿಗಳ ವಿಷಯದಲ್ಲಿ 1950ರ ಆದೇಶವು ಮತವನ್ನು ನೋಡುತ್ತದೆ. ಪರಿಶಿಷ್ಟ ಪಂಗಡಗಳ ವಿಷಯದಲ್ಲಿ ಅಂಥ ನಿಬಂಧನೆಯಿಲ್ಲ. ಆದಕಾರಣ ಸಿದ್ದಿ ಕ್ರೈಸ್ತನು ಅರ್ಜಿಯಲ್ಲಿ ತನ್ನ ಮತವನ್ನು ಮರೆಮಾಡುವದು ಬೇಡ, ಸುಳ್ಳು ಬರೆಯುವದೂ ಬೇಡ.

ಪಟ್ಟಿಯ ಹೆಸರಿನಿಂದ ಲಾಭವೇನು? ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾನೂನನ್ನು ಮಾಡಿತು. ಕಾಡಿನ ಭೂಮಿಯನ್ನು ಸಾಗು ಮಾಡುವವನು 2005ನೇ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಅದರಲ್ಲಿ ಇದ್ದವನಾಗಿರಬೇಕು. ಪರಿಶಿಷ್ಟ ಪಂಗಡದವನಿಗೆ ಇಷ್ಟು ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರುಷಗಳ ವಾಸವನ್ನು ತೋರಿಸಬೇಕು. ಅರ್ಜಿಯು ಮೊದಲು ಗ್ರಾಮಸಭೆಯ ಮುಂದೆ ಬರುತ್ತದೆ. ಆ ಮೇಲೆ ಉಪವಿಭಾಗದ ಸಮಿತಿಗೂ ಜಿಲ್ಲಾ ಸಮಿತಿಗೂ ಹೋಗುತ್ತದೆ. ಕಾನೂನು ಮಾಡಿದ್ದು ಶಾಸಕಾಂಗ, ನಡಿಸುವ ಭಾರ ಕಾರ್ಯಾಂಗಕ್ಕೆ. ನ್ಯಾಯಾಂಗವು ಎಲ್ಲಿ ಬಂತು? 2019ನೇ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ಕಾಡಿನಿಂದ ತೆರವು ಮಾಡುವಂತೆ ರಾಜ್ಯಗಳಿಗೆ ಅಪ್ಪಣೆ ಕೊಟ್ಟಿತು. ಅನೇಕ ಮನೆಗಳಲ್ಲಿ ಭಯ ಹುಟ್ಟಿತು. ಆದರೆ ಕೇಂದ್ರ ಸರಕಾರದ ಬೇಡಿಕೆಯ ಮೇಲೆ ಅದೇ ತಿಂಗಳ 28ರಂದು ಆ ಅಪ್ಪಣೆಯು ತಡೆಯಲ್ಪಟ್ಟು, ಅರ್ಜಿಗಳನ್ನು ಯಾವ ಕ್ರಮದಿಂದ ತಿರಸ್ಕರಿಸಿದಿರೆಂದು ರಾಜ್ಯಗಳು ಕೇಳಲ್ಪಟ್ಟವು. ಒಂದು ಅಂಗವು ಮತ್ತೊಂದನ್ನು 'ಕ್ರಮ ತಪ್ಪಿದೆಯೋ?' ಎಂದು ಕೇಳುವದು, ಇದೇ ಮೂರು ಅಂಗಗಳ ಪ್ರಯೋಜನ.

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಮೊದಲನೆಯದು, 18 ವರುಷ ತುಂಬಿದವರೆಲ್ಲರೂ ಮತದಾರರ ಪಟ್ಟಿಯಲ್ಲಿ ಹೆಸರು ಬರಿಸಬೇಕು. ಬ್ರಿಟಿಷರ ಕಾಲದಲ್ಲಿ ಆಸ್ತಿಯೋ ವಿದ್ಯೆಯೋ ಇದ್ದ ಕೆಲವರಿಗೆ ಮಾತ್ರ ಮತವಿತ್ತು. ಕೂಲಿಯವನಿಗೂ ಅವನ ಹೆಂಡತಿಗೂ ಅದು ಸಿಕ್ಕಿದ್ದು 1951–52ರ ಚುನಾವಣೆಯಲ್ಲಿಯೇ. ಹಳಿಯಾಳ, ದಾಂಡೇಲಿ, ಜೋಯಿಡಾದವರು ಹಳಿಯಾಳ ಕ್ಷೇತ್ರದ ಶಾಸಕನನ್ನೂ ಮುಂಡಗೋಡದವರು ಯಲ್ಲಾಪುರ ಕ್ಷೇತ್ರದ ಶಾಸಕನನ್ನೂ ಆರಿಸುತ್ತಾರೆ. ಮತವನ್ನು ಸೀರೆಗೂ ಸೆರೆಗೂ ಮಾರಿದವನು ಐದು ವರುಷ ಯಾವ ಬಾಯಿಂದ ಕೇಳುವನು?

ಎರಡನೆಯದು, ಗ್ರಾಮಸಭೆಗೆ ಹೋಗಬೇಕು. ಅರಣ್ಯ ಹಕ್ಕಿನ ನಿಯಮಗಳ ಪ್ರಕಾರ ಗ್ರಾಮಸಭೆಯ ಅರ್ಧದಷ್ಟು ಜನರು ಕೂಡದಿದ್ದರೆ ಸಭೆ ಸಾಗದು; ಕೂಡಿದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ನಾವು ಮನೆಯಲ್ಲಿ ಕೂತರೆ ನೆರೆಯವನ ಹಕ್ಕೂ ನಿಲ್ಲುವದು.

ಮೂರನೆಯದು, ಬಾಯಿಮಾತಿನಿಂದಲ್ಲ, ಬರಹದಿಂದ ಕೇಳಬೇಕು. ಕೊಟ್ಟ ಅರ್ಜಿಗೆ ರಶೀದಿ ತಕ್ಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಕೂಡಿಸಬೇಕು. ಊರ ಹಿರಿಯರ ಬರಕೊಂಡ ಹೇಳಿಕೆಯೂ ಸಾಕ್ಷ್ಯವೇ. ಅರ್ಜಿ ತಿರಸ್ಕರಿಸಲ್ಪಟ್ಟರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಓದುಬರಹ ಬಲ್ಲವನು ಬಾರದವನಿಗೆ, ಅವನು ಯಾವ ಮತದವನಾದರೂ ಸರಿ, ಬರಕೊಡಲಿ.

2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣ ಹೊಂದಿ, ಕರ್ನಾಟಕದ ಶಾಸಕಾಂಗದಲ್ಲಿ ಆ ಜನಾಂಗದ ಮೊದಲನೆಯ ಸದಸ್ಯರಾದರು. ಹಿಂದೆ ಬಾಗಲ ಹೊರಗೆ ನಿಂತ ಜನರಲ್ಲಿ ಒಬ್ಬರು ಕಾನೂನು ಮಾಡುವ ಮನೆಯೊಳಗೆ ಕೂತದ್ದನ್ನು ನಮ್ಮ ಮಕ್ಕಳಿಗೆ ಹೇಳತಕ್ಕದ್ದು.

ಪಾಠದ ಪ್ರಶ್ನೆಗಳು. 1. ಪಂಗಡದ ಪಟ್ಟಿಗೆ ಹೆಸರು ಸೇರಿಸುವವರು ಯಾರು? 2. ತಹಶೀಲ್ದಾರರು ಅದನ್ನು ಯಾಕೆ ಮಾಡಲಾರರು? 3. ನಿನ್ನ ಮನೆಯವರು ಕಳೆದ ಗ್ರಾಮಸಭೆಗೆ ಹೋಗಿದ್ದರೋ? ಮೂರನೆಯದನ್ನು ಮಕ್ಕಳು ಮನೆಗೆ ಹೋಗಿ ಕೇಳಲಿ.